ಭಾವನ ಶನಿವಾರಗಳು

ಸುದ್ದಿ ಮೊದಲು ತಲುಪಿದಾಗ ನನ್ನ ತಾಯಿ ಸಂತೋಷಪಟ್ಟಳೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿರುವ ಅಳಿಯಂದಿರು ಶನಿವಾರ ಬಂತೆಂದರೆ ನಸುಕಿನಲ್ಲೇ ಎದ್ದು ‘ಬಾಸ್ ಹಿಡಿಯಲು’ ಹೋಗುತ್ತಾರೆಂದು ಮೊಮ್ಮಗಳು ದೂರವಾಣಿಯಲ್ಲಿ ತಿಳಿಸಿದ್ದಳು. ಮೇಲಧಿಕಾರಿಯನ್ನು ಹಿಡಿಯದೆ ಯಾರಿಗೆ ತಾನೆ ಬಡ್ತಿ ದೊರೆತೀತು? ಮೂವತ್ತನಾಲ್ಕು ವರ್ಷ ಗುಮಾಸ್ತೆಯ ಕುರ್ಚಿ ಸವೆಸಿದ ನಮ್ಮ ತಂದೆ ಆ ವಿದ್ಯೆಯನ್ನು ಕಲಿಯಲಿಲ್ಲವೆಂಬ ಕೊರಗು ಅಮ್ಮನಿಗೆ ಇಂದಿಗೂ ಇದೆ. “ನೋಡಿ, ರಜಾದಿನದಲ್ಲೂ ಬಿಡದೆ ಹಿಡಿಯುತ್ತಾರಂತೆ” ಎಂದು ತಂದೆಯವರಿಗೆ ಕೇಳಿಸುವಂತೆ ನನ್ನೊಡನೆ ಹೇಳಿದಳು. ಎರಡು ವಾರ ಕಳೆದ ಮೇಲೆ ಅದು ಬಾಸ್ ಅಲ್ಲ, ಬ್ಯಾಸ್; ಅಧಿಕಾರಿಯಲ್ಲ, ಮೀನು ಎಂದು ತಿಳಿಯಿತು. ಅಂದು ಮನೆಯಲ್ಲಿ ಒಲೆ ಉರಿಯಲಿಲ್ಲವೆಂದರೆ ಅತಿಶಯೋಕ್ತಿಯಾದೀತು. ಆದರೆ ಸಾರಿಗೆ ಉಪ್ಪು ಬಿದ್ದಿರಲಿಲ್ಲ.

ಭಾವ ಹುಟ್ಟಿದ್ದು ಶೃಂಗೇರಿಯಲ್ಲಿ. ತುಂಗೆಯ ಮೆಟ್ಟಿಲುಗಳ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಎರಚುತ್ತ ಬೆಳೆದವರು. ಆ ಮೀನುಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಮೊಳದುದ್ದದ ದೇಹ, ಕಪ್ಪು ಬೆನ್ನು. ಮನುಷ್ಯನ ಭಯವೆಂಬುದೇ ತಿಳಿಯದೆ ಪಾದದವರೆಗೂ ಬಂದು ಬಾಯಿ ತೆರೆಯುತ್ತವೆ. ಅಲ್ಲಿ ಮೀನು ಹಿಡಿಯುವುದಿರಲಿ, ನೀರಿಗೆ ಕಲ್ಲೆಸೆದರೂ ಗದರಿಸಲು ಹತ್ತು ಜನ ಇದ್ದಾರೆ. ಅಂಥ ನೀರಿನ ಮಗ್ಗುಲಲ್ಲಿ ಹುಟ್ಟಿದವರು ಗಾಳ ಹಿಡಿದರೆಂದರೆ, ನಮ್ಮ ಅಮ್ಮನ ಲೆಕ್ಕದಲ್ಲಿ, ಪೂಜಾರಿಯೇ ಗಂಟೆ ಕದ್ದಂತೆ.

ಇದಿಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. 2021ರ ಜನವರಿಯಲ್ಲಿ ನನ್ನ ಅಕ್ಕ ಆ ದೂರದ ಊರಿನಲ್ಲಿ ತೀರಿಕೊಂಡಿದ್ದಳು. ಅದು ಕೊರೊನಾ ಹಾವಳಿಯ ಕಾಲ. ನಮ್ಮಲ್ಲಿ ಒಬ್ಬರಿಗೂ ಹೋಗಲಾಗಲಿಲ್ಲ. ಅವಳ ಕೊನೆಯ ಕಾರ್ಯವನ್ನು ಅಂಗೈಯಗಲದ ತೆರೆಯ ಮೇಲೆ ನೋಡಿದೆವು. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು. ಉಳಿದವರು ಭಾವ ಮತ್ತು ಹನ್ನೊಂದು ವರ್ಷದ ಹುಡುಗಿ. ತಾಯಿಯಿಲ್ಲದ ಮಗುವನ್ನು ಮನೆಯಲ್ಲಿ ಬಿಟ್ಟು ತಂದೆ ಮೀನಿನ ಬೆನ್ನು ಹತ್ತಿ ತಿರುಗುತ್ತಾನೆಂಬ ಮಾತು ಬಂಧುಗಳ ಬಾಯಲ್ಲಿ ಹರಿದಾಡಿ ಅಮ್ಮನ ಕಿವಿಗೆ ಬಿದ್ದಾಗ, ಅವಳು ಒಂದು ತೀರ್ಮಾನಕ್ಕೆ ಬಂದಳು. 2024ರ ಏಪ್ರಿಲ್‌ನಲ್ಲಿ ಕಾಲೇಜಿಗೆ ರಜೆ ಬಂದೊಡನೆ ನಾನು ಹೊರಡಬೇಕು; ಭಾವನವರಿಗೆ ತಿಳಿಹೇಳಿ ಹುಡುಗಿಯನ್ನು ಕರೆದುಕೊಂಡು ಬರಬೇಕು. ಇಲ್ಲಿ ಅಜ್ಜಿ ಇದ್ದಾಳೆ, ಶಾಲೆ ಇದೆ, ಹಿತ್ತಲಲ್ಲಿ ಮಲ್ಲಿಗೆ ಇದೆ. ನಾನು ದೂತನಾಗಿ ಹೊರಟೆ. ರಾಯಭಾರಕ್ಕೆ ಹೋದವರು ಯಾವ ಗತಿ ಕಂಡರೆಂಬುದನ್ನು ವರ್ಷವರ್ಷವೂ ಪಾಠ ಹೇಳುವವನಿಗೆ ತನ್ನ ಸರದಿ ಬಂದಾಗ ಅದು ನೆನಪಾಗಲಿಲ್ಲ.

ಭಾವನವರ ಊರು ಅಲಬಾಮಾ ಪ್ರಾಂತದ ಹಂಟ್ಸ್‌ವಿಲ್. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಸ್ಯಾಟರ್ನ್ ರಾಕೆಟ್ಟು ರೂಪುಗೊಂಡ ಊರು. ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಟೆನೆಸಿ ನದಿಗೆ ಅಡ್ಡಲಾಗಿ 1939ರಲ್ಲಿ, ನಮ್ಮ ಕನ್ನಂಬಾಡಿ ಮುಗಿದ ಏಳೆಂಟು ವರ್ಷಗಳ ಮೇಲೆ, ಕಟ್ಟಿ ಮುಗಿಸಿದ ಅಣೆಕಟ್ಟೊಂದಿದೆ. ಅದರ ಹಿಂದೆ ನಿಂತ ನೀರೇ ಗಂಟರ್ಸ್‌ವಿಲ್ ಸರೋವರ. ಹೊಲಗದ್ದೆಗಳನ್ನು ನುಂಗಿ ಹರಡಿದ ನೀರಾದ್ದರಿಂದ ಬಹುಭಾಗ ಆಳವಿಲ್ಲ; ಜೊಂಡೂ ನೀರುಹುಲ್ಲೂ ದಟ್ಟವಾಗಿ ಬೆಳೆದಿವೆ. ಆ ಹುಲ್ಲಿನ ಮರೆಯಲ್ಲಿ ಈ ಬ್ಯಾಸ್ ಮೀನು ಬೀಡುಬಿಟ್ಟಿರುತ್ತದೆ. ಹಸುರು ಮೈ, ಪಕ್ಕೆಯ ಮೇಲೆ ಮಸಿಯ ಗೆರೆ, ಕಣ್ಣಿನಾಚೆಗೂ ಸೀಳಿದ ದೊಡ್ಡ ಬಾಯಿ. ಸುಂದರವೆಂದು ನನಗೆ ಅನಿಸಲಿಲ್ಲ. ಬಾಡಿಗೆ ಕೇಳಲು ಬಂದ ಮನೆಯೊಡೆಯನ ಮುಖ.

ನಾನು ಹೋದ ನಾಲ್ಕನೆಯ ದಿನ, ಮಂಗಳವಾರ ಸಂಜೆ, ಕ್ಲಬ್ಬಿನ ಮಾಸಿಕ ಸಭೆ. ಬೇಹುಗಾರನ ಉತ್ಸಾಹದಿಂದ ನಾನೂ ಜೊತೆಗೆ ಹೋದೆ. ಹೋಟೆಲೊಂದರ ಹಿಂಭಾಗದ ಕೋಣೆ. ಇಪ್ಪತ್ತು ಇಪ್ಪತ್ತೆರಡು ಗಂಡಸರು, ಇಬ್ಬರು ಹೆಂಗಸರು. ಬೆಸುಗೆ ಹಾಕುವವನೊಬ್ಬ, ಅಂಚೆಯಿಂದ ನಿವೃತ್ತನಾದವನೊಬ್ಬ, ಶಾಲಾಮಾಸ್ತರೊಬ್ಬ, ಆಸ್ಪತ್ರೆಯ ದಾದಿಯೊಬ್ಬಳು, ರಾಕೆಟ್ಟಿನ ಇಂಜಿನಿಯರುಗಳು ಮೂವರು. ಕುಡಿತ, ಜೂಜು, ಅಬ್ಬರ ಇವುಗಳನ್ನೆಲ್ಲ ಊಹಿಸಿಕೊಂಡು ಹೋದ ನನಗೆ ಕಾದಿದ್ದುದು ನಮ್ಮ ಕಾಲೇಜಿನ ಕನ್ನಡ ಸಂಘದ ಕಾರ್ಯಕಾರಿ ಸಮಿತಿ! ಹಿಂದಿನ ಸಭೆಯ ನಡವಳಿಯನ್ನು ಓದಿದರು. ಖಜಾಂಚಿ ಲೆಕ್ಕ ಒಪ್ಪಿಸಿದ. ಇಬ್ಬರು ಚಂದಾ ಬಾಕಿದಾರರು ಚಾವಣಿಯನ್ನು ನೋಡಿದರು. ಬಳಿಕ, ಪಂದ್ಯದಲ್ಲಿ ಸತ್ತ ಮೀನು ತಂದವನ ತೂಕದಲ್ಲಿ ಈಗ ಕಳೆಯುವ ಕಾಲು ಪೌಂಡನ್ನು ಅರ್ಧಕ್ಕೆ ಏರಿಸಬೇಕೆ ಬೇಡವೆ ಎಂಬುದರ ಮೇಲೆ ನಲವತ್ತು ನಿಮಿಷ ಚರ್ಚೆ ನಡೆದು, ಎಲ್ಲ ಪ್ರಜಾಪ್ರಭುತ್ವಗಳಲ್ಲಿಯೂ ಆಗುವಂತೆ, ಮುಂದಿನ ಸಭೆಗೆ ಮುಂದೂಡಲ್ಪಟ್ಟಿತು.

ಕೊನೆಗೆ ಚೀಟಿ ಎತ್ತಿದರು. ಇದು ನನಗೆ ಬಹಳ ಹಿಡಿಸಿತು. ಪಂದ್ಯದ ದಿನ ಯಾರ ದೋಣಿಯಲ್ಲಿ ಯಾರು ಕೂರಬೇಕೆಂಬುದನ್ನು ಗೆಳೆತನ ನಿಶ್ಚಯಿಸುವುದಿಲ್ಲ, ತಗಡಿನ ಡಬ್ಬಿಯೊಳಗಿನ ಚೀಟಿ ನಿಶ್ಚಯಿಸುತ್ತದೆ. ದೋಣಿಯ ಒಡೆಯ ಮುಂದೆ, ಅತಿಥಿ ಹಿಂದೆ. ಅತಿಥಿ ಪೆಟ್ರೋಲಿನ ಪಾಲು ಕೊಡಬೇಕು. ಎಂಟು ಗಂಟೆಗಳ ಕಾಲ ಇಪ್ಪತ್ತು ಅಡಿಯ ದೋಣಿಯಲ್ಲಿ ಇಬ್ಬರೇ. ಎದ್ದುಹೋಗುವೆನೆಂದರೆ ಸುತ್ತ ನೀರು. ರಾಜಕೀಯದಲ್ಲಿ ಹಾವು ಮುಂಗುಸಿಗಳಂತಿರುವ ಇಬ್ಬರು ಹೀಗೆ ಇಡೀ ದಿನ ಒಂದೇ ಡಬ್ಬಿಯ ಬಿಸ್ಕತ್ತು ತಿಂದು ಬಂದದ್ದುಂಟಂತೆ. ನಮ್ಮ ಅಧ್ಯಾಪಕರ ಕೊಠಡಿಗೂ ಇಂಥ ಡಬ್ಬಿಯೊಂದು ಬೇಕೆಂದು ನನಗೆ ತೋರಿತು.

ಈ ಕ್ಲಬ್ಬುಗಳಿಗೆಲ್ಲ ಒಬ್ಬ ಮೂಲಪುರುಷನಿದ್ದಾನೆ. ಅದೇ ಅಲಬಾಮಾದ ಮಾಂಟ್‌ಗೊಮೆರಿಯ ರೇ ಸ್ಕಾಟ್, ವೃತ್ತಿಯಿಂದ ವಿಮಾ ಏಜೆಂಟು. 1967ರಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್‌ನಲ್ಲಿ ಮಳೆ ಬಂದು ಮೀನು ಹಿಡಿಯುವುದು ನಿಂತುಹೋಯಿತು. ತಂಗಿದ್ದ ಮೋಟೆಲಿನ ಕೋಣೆಯಲ್ಲಿ ಟೆಲಿವಿಷನ್ನಿನಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದವನಿಗೆ, ಇದಕ್ಕೆ ಪಂದ್ಯ ಇರುವುದಾದರೆ ಮೀನು ಹಿಡಿಯುವುದಕ್ಕೇಕೆ ಇರಬಾರದು ಎನ್ನಿಸಿತು. ಅದೇ ವರ್ಷ ಜೂನ್‌ನಲ್ಲಿ ಆರ್ಕನ್ಸಾದ ಬೀವರ್ ಸರೋವರದಲ್ಲಿ ತಲಾ 100 ಡಾಲರು ಕಟ್ಟಿದ 106 ಮಂದಿಯನ್ನು ಸೇರಿಸಿ ಪಂದ್ಯ ನಡೆಸಿಯೇಬಿಟ್ಟ. ಮರುವರ್ಷ ಸಂಘ, ಪತ್ರಿಕೆ, ಊರೂರಿಗೆ ಕ್ಲಬ್ಬು. ವಿಮೆ ಮಾರಬಲ್ಲವನು ಏನನ್ನು ತಾನೆ ಮಾರಲಾರ! ಆದರೆ ಅವನ ಹೆಸರಿನಲ್ಲಿ ಒಂದು ಪುಣ್ಯದ ಕೆಲಸವೂ ಇದೆ. ಮೊದಮೊದಲು ಹಿಡಿದ ಮೀನುಗಳನ್ನು ಹಗ್ಗಕ್ಕೆ ಪೋಣಿಸಿ ತೋರಣದಂತೆ ತೂಗಿ ಚಿತ್ರ ತೆಗೆಸಿಕೊಳ್ಳುತ್ತಿದ್ದರು. 1972ರಿಂದ ಅವನು, ಹಿಡಿದುದನ್ನು ಕೊಲ್ಲಬೇಡಿ, ಜೀವಂತವಾಗಿ ತೂಗಿ ಮರಳಿ ನೀರಿಗೆ ಬಿಡಿ ಎಂಬ ಪದ್ಧತಿ ತಂದ. ಅದಕ್ಕಾಗಿಯೇ ದೋಣಿಯೊಳಗೆ ನೀರಾಡುವ ತೊಟ್ಟಿ. ಅದಕ್ಕಾಗಿಯೇ ಸತ್ತ ಮೀನಿಗೆ ದಂಡ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಎಂಬ ಇಪ್ಪತ್ತರ ರೈತಯುವಕ 22 ಪೌಂಡು 4 ಔನ್ಸಿನ ಬ್ಯಾಸ್ ಹಿಡಿದ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಒಬ್ಬಾತ ಅದನ್ನು ಸರಿಗಟ್ಟುವವರೆಗೆ ಅಷ್ಟು ತೂಕ ಯಾರಿಗೂ ದೊರೆತಿರಲಿಲ್ಲ. ಪೆರಿಯ ಮನೆಯವರು ಆ ಮೀನನ್ನು ಬೇಯಿಸಿ ತಿಂದರು. ಬರಗೆಟ್ಟ ಕಾಲ, ಹಸಿದ ಮನೆ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದಿದ್ದುದು ನಮ್ಮ ಭಾವನವರದು. ತಿನ್ನುವುದಕ್ಕಲ್ಲ, ಮಾರುವುದಕ್ಕಲ್ಲ, ಮತ್ತೆ ಬಿಡುವುದಕ್ಕೆ ಹಿಡಿಯುವುದು!

ಶುಕ್ರವಾರ ಅವರು ಕಚೇರಿಗೆ ರಜೆ ಹಾಕಿದರು. ಮರುದಿನದ ಪಂದ್ಯಕ್ಕೆ ನೀರು ನೋಡಿಬರುವುದು ವಾಡಿಕೆಯಂತೆ. ಕತ್ತಲಲ್ಲೇ ಎದ್ದು, ಫ್ಲಾಸ್ಕಿಗೆ ಕಾಫಿ ತುಂಬಿ, ದೋಣಿಯನ್ನು ಕಾರಿನ ಹಿಂದೆ ಎಳೆದುಕೊಂಡು ಹೊರಟೆವು. ನನಗೆ ತೇಲುವ ಅಂಗಿ ತೊಡಿಸಿ, “ಹಿಡಿದುಕೋ” ಎಂದರು. ಏನನ್ನು ಎಂದು ಕೇಳುವುದರೊಳಗೆ ದೋಣಿ ನೀರಿನ ಮೇಲೆ ಹಾರಿತು. ನನ್ನ ಪಾಂಡಿತ್ಯವೆಲ್ಲ ಟೊಪ್ಪಿಗೆಯೊಡನೆ ಹಿಂದಕ್ಕೆ ಹಾರಿಹೋಯಿತು. ಕಿರಿದಾದ ಕೊಲ್ಲಿಯೊಂದನ್ನು ಹೊಕ್ಕ ಮೇಲೆ ದೊಡ್ಡ ಯಂತ್ರ ನಿಲ್ಲಿಸಿ, ಕಾಲಿನಿಂದ ಒತ್ತುವ ಸಣ್ಣ ವಿದ್ಯುತ್ ಯಂತ್ರ ಇಳಿಬಿಟ್ಟರು. ಆಮೇಲೆ ಸದ್ದಿಲ್ಲ. ಮಂಜು ಏಳುತ್ತಿತ್ತು. ಭಾವ ನೇರಳೆ ಬಣ್ಣದ ರಬ್ಬರಿನಂಥ ಹುಳುವೊಂದನ್ನು ಕೊಕ್ಕೆಗೆ ಸಿಕ್ಕಿಸಿದರು. ಇಂಥ ಹುಳುವನ್ನು 1949ರಲ್ಲಿ ಓಹಾಯೊ ಪ್ರಾಂತದ ಗಂಡಹೆಂಡಿರು ತಮ್ಮ ಅಡಿಗೆಮನೆಯಲ್ಲಿ ಪ್ಲಾಸ್ಟಿಕ್ ಕಾಯಿಸಿ ಅಚ್ಚುಹೊಯ್ದು ಮಾರಿದರಂತೆ. ಎರೆಹುಳುವಿನ ಹಿಂಸೆಯಾದರೂ ಉಳಿಯಿತು ಎಂದು ನಾನು ಮನಸ್ಸಿನಲ್ಲೇ ಜಮಾಖರ್ಚು ಬರೆದುಕೊಂಡೆ.

“ಅಲ್ಲಿ ನೋಡು” ಎಂದರು. ಮೊಣಕಾಲುದ್ದದ ನೀರಿನ ತಳದಲ್ಲಿ ಬುಟ್ಟಿಯಗಲದ ಬಿಳಿಯ ವೃತ್ತ. ಯಾರೋ ಕಸ ಗುಡಿಸಿ ಒಪ್ಪವಾಗಿಟ್ಟಂತಿತ್ತು. ಅದರ ಮೇಲೆ ಒಂದು ಮೀನು ಮೆಲ್ಲಗೆ ರೆಕ್ಕೆಯಾಡಿಸುತ್ತ ನಿಂತಿತ್ತು. ಅದು ಗೂಡು. ಗಂಡು ಮೀನು ಬಾಲದಿಂದ ಗುಡಿಸಿ ಮಾಡುತ್ತದೆ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಮೊಟ್ಟೆಗೆ ಗಾಳಿ ಬೀಸುವುದು, ಕಾಯುವುದು, ಒಡೆದು ಬಂದ ಮರಿಗಳ ಹಿಂಡಿನೊಡನೆ ಕೆಲವು ಕಾಲ ತಿರುಗುವುದು, ಎಲ್ಲವೂ ತಂದೆಯ ಪಾಲು. ಆ ದಿನಗಳಲ್ಲಿ ಅದು ಹೊಟ್ಟೆಗೆಂದು ಬೇಟೆಯಾಡುವುದಿಲ್ಲವೆಂದೇ ಹೇಳಬಹುದು. ಆದರೂ ಗೂಡಿನ ಮೇಲೆ ಗಾಳ ಬಿದ್ದರೆ ಕಚ್ಚುತ್ತದೆ, ಹಸಿವಿನಿಂದಲ್ಲ, ರೋಷದಿಂದ. ನನಗೆ ಥಟ್ಟನೆ ರನ್ನನ ನೆನಪಾಯಿತು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಭೀಮ ಮೇಲೆಳೆದದ್ದು ಬಲೆಯಿಂದಲ್ಲ, ಬೈಗುಳದಿಂದ. ಮಾನಿಯನ್ನು ನೀರಿನಿಂದ ಹೊರತರಲು ಬೇರೆ ಎರೆ ಬೇಕಿಲ್ಲ. ಹತ್ತು ವರ್ಷ ತರಗತಿಯಲ್ಲಿ ಹೇಳಿದ ಆ ಪ್ರಸಂಗ ಅಲಬಾಮಾದ ದೋಣಿಯೊಂದರಲ್ಲಿ ನನಗೆ ಸ್ಪಷ್ಟವಾಯಿತೆಂದು ವಿದ್ಯಾರ್ಥಿಗಳಿಗೆ ಹೇಳುವಂತಿಲ್ಲ.

“ಇದನ್ನು ಹಿಡಿಯುತ್ತೀರಾ?” ಎಂದೆ.

“ನಿಯಮ ಬೇಡವೆನ್ನುವುದಿಲ್ಲ. ನಾಳೆ ಯಾರಾದರೂ ಹಿಡಿದಾರು. ಅದನ್ನು ಎತ್ತಿದ ಗಳಿಗೆಗೆ ಸಣ್ಣ ಮೀನುಗಳು ಮುತ್ತಿ ಮೊಟ್ಟೆ ತಿನ್ನುತ್ತವೆ. ನಾನು ಹಿಡಿಯುವುದಿಲ್ಲ” ಎಂದು ದೋಣಿ ತಿರುಗಿಸಿದರು.

ಹೇಳಬೇಕಾದುದನ್ನು ಹೇಳಲು ಇದೇ ಸಮಯವೆಂದು ನಾನು ಗಂಟಲು ಸರಿಮಾಡಿಕೊಂಡೆ. “ಭಾವ, ಇದು ಹಿಡಿಯಬಾರದು, ಇನ್ನೊಂದು ಹಿಡಿಯಬಹುದು. ಯಾವುದಾದರೂ ಬಾಯಿ ಹರಿಯುವುದು ಹರಿಯುತ್ತದೆ. ತಿನ್ನುವವರಾದರೂ ಅಲ್ಲ. ಯಾಕೆ?”

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಎರಡು ಸಲ ಗಾಳ ಬೀಸಿ ಎಳೆದುಕೊಂಡರು.

“ಉತ್ತರ ಗೊತ್ತಿದ್ದರೆ ಅತ್ತೆಯವರಿಗೆ ಎಂದೋ ಹೇಳಿರುತ್ತಿದ್ದೆ” ಎಂದರು. “ನಿನ್ನ ಅಕ್ಕ ಹೋದಮೇಲೆ ಕಚೇರಿಯವರು ಹೂ ಕಳುಹಿಸಿದರು, ಕಾರ್ಡು ಕಳುಹಿಸಿದರು. ನಮ್ಮ ಕನ್ನಡದವರು ತಿಂಗಳುಗಟ್ಟಲೆ ಅಡಿಗೆ ಮಾಡಿ ತಂದು ಬಾಗಿಲಲ್ಲಿಟ್ಟರು, ಅದನ್ನು ಮರೆಯಲಾರೆ. ಎಲ್ಲರೂ ಹೇಗಿದ್ದೀರಿ ಎಂದು ಕೇಳುತ್ತಿದ್ದರು. ಏನೆಂದು ಹೇಳಲಿ? ಶನಿವಾರ ಬಂದರೆ ಕಾರಿನ ಮನೆಗೆ ಹೋಗಿ ಕಾರಿನೊಳಗೆ ಸುಮ್ಮನೆ ಕೂರುತ್ತಿದ್ದೆ. ಪಕ್ಕದ ಮನೆಯ ಮುದುಕ ಅದನ್ನು ಎಷ್ಟು ಸಲ ಕಂಡಿದ್ದನೋ, ಒಂದು ದಿನ ಬಂದು, ‘ನನ್ನ ದೋಣಿಯಲ್ಲಿ ಒಂದು ಸೀಟು ಖಾಲಿ ಇದೆ. ನಾಳೆ ನಾಲ್ಕಕ್ಕೆ’ ಎಂದ. ಅಷ್ಟೆ. ಮಗುವನ್ನು ಅವನ ಹೆಂಡತಿ ನೋಡಿಕೊಂಡಳು. ಆ ದಿನ ನಾನು ಗಾಳ ಮುಟ್ಟಲೂ ಇಲ್ಲ. ಎಂಟು ಗಂಟೆ ಹೊತ್ತು ಅವನು ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ಮಧ್ಯಾಹ್ನ ಅರ್ಧ ಸೇಬು ಕೊಟ್ಟ. ಮರುವಾರವೂ ನಾಲ್ಕಕ್ಕೆ ಬಂದು ಹಾರನ್ ಒತ್ತಿದ. ನಾನು ಹೋಗದಿದ್ದರೆ ಅವನು ಅಲ್ಲಿಯೇ ನಿಂತಿರುತ್ತಿದ್ದ.”

ಗಾಳ ಹಿಡಿದದ್ದು ಯಾವಾಗ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: “ಮೂರನೆಯ ತಿಂಗಳು. ಸುಮ್ಮನೆ ಕೂತವನು ದೋಣಿಗೆ ಭಾರವೆಂದು ನಾಚಿಕೆಯಾಯಿತು.”

ಇಲ್ಲಿ ನನ್ನ ಅಭಿಪ್ರಾಯವನ್ನು ಬರೆಯದಿದ್ದರೆ ಓದುಗರಿಗೆ ಮೋಸ ಮಾಡಿದಂತೆ. ಆ ಕೊಕ್ಕೆಯನ್ನು ನಾನು ಇಂದಿಗೂ ಒಪ್ಪಲಾರೆ. ಬಿಟ್ಟ ಮೀನುಗಳಲ್ಲಿ ಬಹುಪಾಲು ಬದುಕುವುದು ನಿಜ. ಬೇಸಗೆಯಲ್ಲಿ ನೀರು ಕಾದಾಗ ಸಾಯುವವು ಹೆಚ್ಚು ಎನ್ನುವುದೂ ನಿಜ. ಕ್ಲಬ್ಬಿನವರೇ ಅದನ್ನು ಮುಚ್ಚಿಡುವುದಿಲ್ಲ. ನೋವಿಗೆ ನಿಯಮ ಕಟ್ಟಿದ ಮಾತ್ರಕ್ಕೆ ಅದು ನೋವಲ್ಲದೆ ಹೋಗುವುದಿಲ್ಲ. ಇಷ್ಟನ್ನೂ ಅಂದು ದೋಣಿಯಲ್ಲಿ ಹೇಳಬಹುದಾಗಿತ್ತು. ಆದರೆ ಹೇಳಬೇಕಾದವನು 2021ರಲ್ಲಿ ಎಲ್ಲಿದ್ದ ಎಂಬ ಪ್ರಶ್ನೆ ನನ್ನ ಎದುರಿಗೇ ಕುಳಿತಿತ್ತು. ಒಂದು ಮುಂಜಾವು ನಾಲ್ಕಕ್ಕೆ ಹಾರನ್ ಒತ್ತಲು ನಾವು ಯಾರೂ ಇರಲಿಲ್ಲ.

ಶನಿವಾರ ಪಂದ್ಯ. ಆರಕ್ಕೆ ಮುಂಚೆ ದೋಣಿಗಳೆಲ್ಲ ನೀರಿಗಿಳಿದು ಸಾಲುಗಟ್ಟಿದವು. ಯಾರೋ ಟೊಪ್ಪಿಗೆ ತೆಗೆದು ನಾಲ್ಕು ಮಾತಿನ ಪ್ರಾರ್ಥನೆ ಹೇಳಿದರು. ಅಂಕೆಯ ಕ್ರಮದಲ್ಲಿ ಒಂದೊಂದಾಗಿ ಬಿಟ್ಟ ದೋಣಿಗಳು ಮಂಜಿನಲ್ಲಿ ಮರೆಯಾದವು. ಮಧ್ಯಾಹ್ನ ಎರಡಕ್ಕೆ ಮರಳಬೇಕು. ತಡವಾದರೆ ನಿಮಿಷಕ್ಕೊಂದು ಪೌಂಡು ದಂಡ. ಅಳತೆ ಹದಿನೈದು ಅಂಗುಲಕ್ಕೆ ಕಡಮೆಯಿಲ್ಲದ ಐದು ಮೀನು ತರಬಹುದು. ಆರನೆಯದು ಸಿಕ್ಕರೆ ಚಿಕ್ಕದನ್ನು ಬಿಟ್ಟುಬಿಡಬೇಕು.

ನಮ್ಮ ಹುಡುಗಿಯನ್ನು ನಾನು ನಿಜವಾಗಿ ಕಂಡದ್ದು ಆ ಮಧ್ಯಾಹ್ನ. ದಂಡೆಯ ಮೇಲೆ ಮೇಜು, ತಕ್ಕಡಿ, ನೀರು ತುಂಬಿದ ತೊಟ್ಟಿಗಳು. ಮೇಜಿನ ಹಿಂದೆ, ಪಕ್ಕದ ಮನೆಯ ಮುದುಕಿಯ ಮಗ್ಗುಲಲ್ಲಿ, ಅಕ್ಕನ ಗಲ್ಲ ಅಕ್ಕನ ಹುಬ್ಬು ಹೊತ್ತ ಹದಿನಾಲ್ಕರ ಹುಡುಗಿ ಪಟ್ಟಿ ಬರೆಯುತ್ತಿದ್ದಳು. ಎರಡು ವರ್ಷದಿಂದ ಆ ಪುಸ್ತಕ ಅವಳದೇ. ಅರವತ್ತು ದಾಟಿದ ಗಂಡಸರು ತಮ್ಮ ಚೀಲ ಹಿಡಿದು ಅವಳ ಮುಂದೆ ಸರತಿಯಲ್ಲಿ ನಿಂತಿದ್ದರು. ಒಬ್ಬ ಔನ್ಸಿಗಾಗಿ ಚೌಕಾಸಿಗೆ ನಿಂತ. “ತಕ್ಕಡಿ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ” ಎಂದಳು. ಅವನು ನಗುತ್ತ ಸರಿದ. ‘ಒಂಟಿಯಾಗಿ ಮನೆಯಲ್ಲಿ ಬಿಟ್ಟ ಮಗು’ವನ್ನು ನಮ್ಮ ಬಂಧುಗಳು ಎಲ್ಲಿ ಕಂಡಿದ್ದರೋ!

ಭಾವ ತಂದದ್ದು ನಾಲ್ಕು. ಚೀಲ ತೆರೆದಾಗಲೇ ಒಂದು ಮಲಗಿತ್ತು. ಹುಳುವನ್ನು ಆಳಕ್ಕೆ ನುಂಗಿತ್ತಂತೆ. ಕೊಕ್ಕೆ ಬಿಡಿಸುವಾಗ ಕಿವಿರು ಹರಿದು ರಕ್ತ ಬಂದಿತ್ತು. ತೂಗಿದವನು ನೋಡಿ ಮೆಲ್ಲಗೆ, “ಸತ್ತಿದೆ” ಎಂದ. ಹುಡುಗಿ ಒಂದು ಕ್ಷಣ ತಂದೆಯ ಮುಖ ನೋಡಿದಳು. ಒಟ್ಟು ತೂಕ ಬರೆದಳು. ಅದರ ಕೆಳಗೆ ಕಾಲು ಪೌಂಡು ಕಳೆದಳು.

ಉಳಿದ ಮೂರನ್ನು ನೀರಿಗೆ ಬಿಟ್ಟಾಯಿತು. ನಾಲ್ಕನೆಯದನ್ನು ಭಾವ ಬಿಡಲಿಲ್ಲ. ಮೊಣಕಾಲವರೆಗೆ ನೀರಿಗಿಳಿದು, ಎರಡೂ ಕೈಯಲ್ಲಿ ಅದನ್ನು ನೆಟ್ಟಗೆ ಹಿಡಿದು, ಕಿವಿರಿಗೆ ನೀರು ಹಾಯುವಂತೆ ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ ಆಡಿಸುತ್ತ ನಿಂತರು. ಬಳಲಿದ ಮೀನು ಹೀಗೆ ಚೇತರಿಸಿಕೊಳ್ಳುವುದುಂಟಂತೆ. ಇದು ಬಳಲಿದ್ದಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಬಹುಮಾನ ಹಂಚಬೇಕಾಗಿತ್ತು, ಯಾರೂ ಕರೆಯಲಿಲ್ಲ. ಹೊರಡಲು ಯಂತ್ರ ಚಾಲೂ ಮಾಡಿದ್ದ ಒಬ್ಬ ಅದನ್ನು ನಿಲ್ಲಿಸಿ, ಇಳಿದು, ಕಾರಿಗೆ ಒರಗಿ ನಿಂತ. ಮುದುಕ ನೀರಿನಂಚಿಗೆ ಬಂದು ಬೇರೆಲ್ಲೋ ನೋಡುತ್ತ ನಿಂತ. ಅವನು ಆಗಲೂ ಏನೂ ಕೇಳಲಿಲ್ಲ.

ಕೊನೆಗೆ ಹುಡುಗಿ ಪೆನ್ನು ಕೆಳಗಿಟ್ಟು ಬಂದಳು. ಬೂಟು ಬಿಚ್ಚದೆ ನೀರಿಗಿಳಿದು ತಂದೆಯ ಮೊಣಕೈ ಮುಟ್ಟಿ, “ಅಪ್ಪಾ, ಸಾಕು. ಬಿಡಿ” ಎಂದಳು. ಕನ್ನಡದಲ್ಲಿಯೇ ಹೇಳಿದಳು. ಅವರು ಬಿಟ್ಟರು.

ಆ ರಾತ್ರಿ ಊಟಕ್ಕೆ ನಾನೇ ಅನ್ನ ಸಾರು ಮಾಡಿದೆ. ಮೀನಿನ ಮಾತು ಬರಲಿಲ್ಲ. ಹುಡುಗಿ ತನ್ನ ಶಾಲೆಯ ವಿಚಾರ ಹೇಳಿದಳು; ಭಾವ ಎರಡು ಸಲ ಸಾರು ಹಾಕಿಸಿಕೊಂಡರು. ನನ್ನ ಪೆಟ್ಟಿಗೆಯಲ್ಲಿ ಅಮ್ಮ ಹುಡುಗಿಗೆಂದು ಕಳುಹಿಸಿದ್ದ ರೇಷ್ಮೆಯ ಲಂಗ ಇತ್ತು. ಅಳತೆ ಹನ್ನೊಂದು ವರ್ಷದವಳದು. ಅದನ್ನು ನಾನು ಹೊರತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮನ ಕರೆ ಬಂತು. ನಾನು ಹೊರಗೆ ಹೋಗಿ ಮಾತನಾಡಿದೆ.

“ಹೇಳಿದೆಯಾ?”

“ಇಲ್ಲ.”

“ಹುಡುಗಿಯನ್ನು ಕೇಳಿದೆಯಾ?”

“ಕೇಳುವಂಥದು ಏನೂ ಇಲ್ಲಮ್ಮ. ಅವಳಿಗೆ ಇಲ್ಲಿ ಕೆಲಸವಿದೆ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, “ನಿನ್ನೆ ಎಷ್ಟು ಸಲ ಮಾಡಿದೆ, ಯಾರೂ ಎತ್ತಲಿಲ್ಲ” ಎಂದಳು.

“ಶನಿವಾರ ಮಾಡಬೇಡ, ಅವರು ಮನೆಯಲ್ಲಿರುವುದಿಲ್ಲ” ಎಂದೆ. “ಭಾನುವಾರ ಮಾಡು. ಪ್ರತಿ ಭಾನುವಾರವೂ ಮಾಡು.”